ಅಂಬಾಸಡರ್, ಪದ್ಮಿನಿ: ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ಪರೀಕ್ಷಿಸುವುದು ಹೇಗೆ?

ಅಂಬಾಸಡರ್‌ನ ಹಳೆಯ ಪೆಟ್ರೋಲ್ ಎಂಜಿನ್ 1489 ಸಿಸಿ, ಪ್ರೀಮಿಯರ್ ಪದ್ಮಿನಿಯದು 1089 ಸಿಸಿ. ಈ ಎರಡು ಹಳೆಯ ಕಾರುಗಳಲ್ಲಿ ಯಾವುದನ್ನು ಕೊಳ್ಳಬೇಕೆಂದು ಈ ಅಂಕಿಗಳನ್ನು ನೋಡಿ ತೀರ್ಮಾನಿಸಬೇಡಿ. ಎಂಜಿನ್ ರಿಪೇರಿ ಆಗುತ್ತದೆ, ತುಕ್ಕು ತಿಂದ ಬಾಡಿಯನ್ನು ಸರಿಮಾಡುವುದು ಬಲು ಕಷ್ಟ.

ಹಾಗಾಗಿ ಮೊದಲು ಬಾಡಿ ನೋಡಿ. ಎರಡಕ್ಕೂ ಪ್ರತ್ಯೇಕ ಚಾಸಿ ಇಲ್ಲ, ಭಾರವನ್ನೆಲ್ಲ ಬಾಡಿಯೇ ಹೊರುತ್ತದೆ. ಬಾಗಿಲ ಕೆಳಗಿನ ಪಟ್ಟಿ, ಫ್ಲೋರ್, ಹಿಂದಿನ ಪಟ್ಟಾ ಸ್ಪ್ರಿಂಗ್ ಕೂರುವ ಜಾಗಗಳಿಗೆ ಅಯಸ್ಕಾಂತ ಹಿಡಿಯಿರಿ. ಅಂಟದಿದ್ದರೆ ಒಳಗಿರುವುದು ಪುಟ್ಟಿ. ನಂತರ ಒಂದು ಬದಿಗೆ ಜಾಕ್ ಕೊಟ್ಟು ಬಾಗಿಲನ್ನು ತೆರೆದು ಮುಚ್ಚಿ ನೋಡಿ. ಮೊದಲು ಸಲೀಸಾಗಿದ್ದ ಬಾಗಿಲು ಈಗ ಬಿಗಿಯಾದರೆ ಕೆಳಗಿನ ಪಟ್ಟಿ ಸತ್ವ ಕಳೆದುಕೊಂಡಿದೆ.

ಮುಂದಿನದು ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ. ಎಂಜಿನ್ ಬಿಸಿಯಾದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲ್ ವೈರ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ, ಪ್ಲಗ್ ತೂತಿಗೆ ಹಿಡಿದ ಕಂಪ್ರೆಷನ್ ಗೇಜ್‌ನ ಮುಳ್ಳು ನಿಲ್ಲುವವರೆಗೆ ಸೆಲ್ಫ್ ಹೊಡೆಯಿರಿ. ಸಿಲಿಂಡರ್‌ಗಳ ನಡುವೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಡಿಮೆ ಬಂದದ್ದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳವಾದ ಹೆಡ್‌ನ ಕೆಳಗಿನ ಪದರ) ಕೆಟ್ಟಿದೆ.

ಎರಡರ ದಾರಿ ಬೇರೆಯಾಗುವುದೇ ಇಲ್ಲಿ. ಅಂಬಾಸಡರ್‌ನ ಹೆಡ್ ಬೀಡುಕಬ್ಬಿಣದ್ದು. ಬಿಸಿಯನ್ನು ತಾಳಿಕೊಳ್ಳುತ್ತದೆ, ಆದರೆ ಸೀಸರಹಿತ ಪೆಟ್ರೋಲ್‌ನಲ್ಲಿ ಎಕ್ಸಾಸ್ಟ್ ವಾಲ್ವ್ ಸೀಟ್ ಸವೆಯುತ್ತದೆ. 0.38 ಮಿ.ಮೀ. ಇಟ್ಟ ಟ್ಯಾಪೆಟ್ ಗ್ಯಾಪ್ (ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದು) ಮತ್ತೆ ಮತ್ತೆ ಕಡಿಮೆಯಾಗುತ್ತಿದ್ದರೆ ಅದೇ ಸೂಚನೆ. ಗಟ್ಟಿ ಸೀಟ್ ಕೂರಿಸಬೇಕಾಗುತ್ತದೆ. ಪದ್ಮಿನಿಯ ಹೆಡ್ ಅಲ್ಯೂಮಿನಿಯಂನದು, ಸೀಟ್ ರಿಂಗ್‌ಗಳು ಬೇರೆಯೇ ಇರುವುದರಿಂದ ಆ ತೊಂದರೆ ಕಡಿಮೆ. ಆದರೆ ಒಮ್ಮೆ ನೀರು ಖಾಲಿಯಾಗಿ ಕುದಿದರೂ ಹೆಡ್ ಬಾಗಬಹುದು. ಅಕ್ಕಪಕ್ಕದ ಎರಡು ಸಿಲಿಂಡರ್‌ಗಳಲ್ಲಿ ಕಂಪ್ರೆಷನ್ ಕುಸಿದಿದ್ದರೆ ಮೊದಲ ಅನುಮಾನ ಅವುಗಳ ನಡುವಿನ ಗ್ಯಾಸ್ಕೆಟ್ ಮೇಲೆ. ಬರೀ ನಲ್ಲಿ ನೀರು ತುಂಬಬೇಡಿ, ಕೂಲಂಟ್ ಹಾಕಿ.

ಅಂಬಾಸಡರ್‌ನ ಗೇರ್‌ಬಾಕ್ಸ್ ಬಳಿ ಆಯಿಲ್ ತೊಟ್ಟಿಕ್ಕಿದರೆ ಎಂಜಿನ್ ಇಳಿಸಲು ಓಡಬೇಡಿ. ಎಂಜಿನ್‌ನ ಮುಖ್ಯ ದಂಡವಾದ ಕ್ರ್ಯಾಂಕ್‌ನ ಹಿಂತುದಿಯಲ್ಲಿ ರಬ್ಬರ್ ಸೀಲ್ ಇಲ್ಲ, ಆಯಿಲನ್ನು ಮತ್ತೆ ಎಂಜಿನ್ ಒಳಕ್ಕೆ ತಳ್ಳುವ ಸುರುಳಿ ಗೆರೆ ಮಾತ್ರ. ಎಂಜಿನ್ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪ್ ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ ಆಯಿಲ್ ಹೊರಬರುತ್ತದೆ. ಮೊದಲು ಅದನ್ನು ಸ್ವಚ್ಛಗೊಳಿಸಿ.

ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಮೇಲೆ-ಕೆಳಗೆ ಹಿಡಿದು ಅಲುಗಾಡಿಸಿ. ಬ್ರೇಕ್ ಒತ್ತಿಸಿಕೊಂಡಾಗಲೂ ಪ್ಲೇ ಉಳಿದರೆ ತಪ್ಪು ವೀಲ್ ಬೇರಿಂಗ್‌ನದಲ್ಲ. ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಪಿನ್, ಬುಷ್ ಸವೆದಿವೆ. ಗ್ರೀಸ್ ಕಾಣದೆ ಓಡಿದ ಗಾಡಿ ಅದು.

ಕೊನೆಗೆ ರಸ್ತೆ. ಒಂದೇ ದಿನ, ಒಂದೇ ಭಾರ, ಟೈರ್‌ಗಳಲ್ಲಿ ಸರಿಯಾದ ಗಾಳಿ. ಸಮತಟ್ಟು ರಸ್ತೆಯಲ್ಲಿ ಟಾಪ್ ಗೇರ್‌ನಲ್ಲೇ 40ರಿಂದ 70 ಕಿ.ಮೀ. ವೇಗ ತಲುಪಲು ಹಿಡಿವ ಸಮಯವನ್ನು ಹೋಗುವಾಗಲೂ ಬರುವಾಗಲೂ ಅಳೆದು ಸರಾಸರಿ ತೆಗೆಯಿರಿ. ಹಗುರವಾದ ಪದ್ಮಿನಿ ಊರೊಳಗೆ ಚುರುಕು. ಐದು ಜನ ಕೂತು ಘಾಟಿ ಹತ್ತುವಾಗ ಅಂಬಾಸಡರ್‌ನ ಎಳೆತ ಗೊತ್ತಾಗುತ್ತದೆ. ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆದರೆ ಎರಡೂ ಬದಿಯ ಡ್ರಮ್ ಬಿಚ್ಚಿಸಿ ನೋಡಿ. ವೀಲ್ ಸಿಲಿಂಡರ್ ಸೋರಿ ಲೈನಿಂಗ್ ಒದ್ದೆಯಾಗಿದ್ದರೆ ಎರಡೂ ಬದಿಯ ಲೈನಿಂಗ್ ಒಟ್ಟಿಗೇ ಬದಲಿಸಬೇಕು.