ಇಳಿವಯಸ್ಸಿನ ತನ್ನತನಕ್ಕೆ ಅಡ್ಡಿ ಏನು? ಅಳೆಯುವ ಬಗೆ

ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಷಿಯಾ 1966ರಲ್ಲಿ ತನ್ನತನವನ್ನು (ನಾನು ಯಾರು, ನನಗೇನು ಬೇಕು ಎಂಬ ಅರಿವನ್ನು) ಹುಡುಕಾಟ (ಬೇರೆಬೇರೆ ದಾರಿ ನೋಡುವುದು), ಬದ್ಧತೆ (ಒಂದನ್ನು ಹಿಡಿದು ನಿಲ್ಲುವುದು) ಎಂಬ ಎರಡು ಅಂಶಗಳಿಂದ ಅಳೆದಾಗ ಅವರ ಮುಂದಿದ್ದವರು ಕಾಲೇಜು ಹುಡುಗರು. ಅಫಜಲಪುರದ ಕಡೆಯ ಎಪ್ಪತ್ತರ ಆಯಿಗೆ ಅದೇ ಪ್ರಶ್ನೆ ಹಾಕಿದರೆ ಸಿಗುವ ಉತ್ತರ: "ಇನ್ನ ನಂದೇನದರೀ, ಎಲ್ಲಾ ಮಕ್ಕಳದೇ." ಇದು ತೃಪ್ತಿಯ ಮಾತೋ, ಸೋತ ಮಾತೋ? ಇವೆರಡನ್ನು ಬೇರ್ಪಡಿಸಲಾಗದ ಪ್ರಶ್ನಾವಳಿಯಿಂದ ಉಪಯೋಗವಿಲ್ಲ.

ಪ್ರಶ್ನೆಯಲ್ಲಿ 'ತನ್ನತನ', 'ಗುರುತು' ಎಂಬ ಪದಗಳೇ ಬೇಡ. ಗುರುತು ಅಂದರೆ ಆಧಾರ್ ಕಾರ್ಡು ಹೊರಬರುತ್ತದೆ. ಬದಲಿಗೆ ಆರು ಕ್ಷೇತ್ರ ಹಿಡಿಯಿರಿ: ದುಡಿಮೆ, ಭಕ್ತಿ, ಬೀಗರು-ಬಳಗ, ಊರ ಕೆಲಸ, ಕೈಕಸುಬು, ಹೊಸದನ್ನು ಕಲಿಯುವುದು. ಪ್ರತಿಯೊಂದಕ್ಕೂ ಮೂರು ಪ್ರಶ್ನೆ, ಇದೇ ಕ್ರಮದಲ್ಲಿ:

1. "ಇದು ಮಾಡಬೇಕು ಅಂತ ಈಗ ಅನಸ್ತದೇನ್ರಿ?"
2. ಇಲ್ಲ ಅಂದರೆ, "ಐದು ವರ್ಷದ ಹಿಂದ ಅನಸ್ತಿತ್ತೇನು? ಯಾಕ ಬಿಟ್ರಿ?"
3. "ಏನು ತಡೀತದ, ಎಷ್ಟು ತಡೀತದ?"

ಎರಡನೆಯದನ್ನು ಬಿಡಬೇಡಿ. ಮೊಣಕಾಲು ನೋವಿಗೆ ಭಜನೆ ಬಿಟ್ಟವರು ಕ್ರಮೇಣ "ನನಗ ಬ್ಯಾಡ" ಎನ್ನಲು ಕಲಿಯುತ್ತಾರೆ. ಆಗ ಅಡ್ಡಿಯೇ ಇಲ್ಲ ಎಂದು ದಾಖಲಾಗುತ್ತದೆ. ಅಡ್ಡಿಯಿಂದ ಬಿಟ್ಟಿದ್ದರೆ ಅದನ್ನು 'ಬೇಕು' ಎಂದೇ ಎಣಿಸಿ, ಮೂರನೆಯ ಪ್ರಶ್ನೆ ಕೇಳಿ.

ಅಡ್ಡಿಗಳೂ ಆರು: ಮೈ, ರೊಕ್ಕ, ಮನಿಮಂದಿ, ಊರ ಮಾತು, ಹೋಗಿಬರುವ ದಾರಿ, ತನ್ನದೇ ಮನಸ್ಸು. ಗಂಡ ತೀರಿದ ಹೆಂಗಸಿಗೆ ಶುಭಕಾರ್ಯದಲ್ಲಿ ಕೈಹಾಕಲು ಬಿಡದಿರುವುದು ಊರ ಮಾತು. ಮಗ-ಸೊಸೆ ಪುಣೆಗೆ ದುಡಿಯಲು ಹೋಗಿ ಮೊಮ್ಮಕ್ಕಳು ಮುತ್ಯಾನ ಪಾಲಿಗೆ ಬಂದಿರುವುದು ಮನಿಮಂದಿ. ಎರಡನ್ನೂ 'ಸಾಮಾಜಿಕ' ಎಂಬ ಒಂದೇ ಚೀಲಕ್ಕೆ ತುಂಬಬೇಡಿ, ಪರಿಹಾರ ಬೇರೆ ಬೇರೆ.

"ಪೂರ್ಣ ಒಪ್ಪುತ್ತೇನೆ, ಭಾಗಶಃ ಒಪ್ಪುತ್ತೇನೆ" ಎಂಬ ಆಯ್ಕೆಗಳು ಇಲ್ಲಿ ನಡೆಯುವುದಿಲ್ಲ. ಮನೆಗೆ ಬಂದವರ ಮಾತಿಗೆ ಮರ್ಯಾದೆಗಾಗಿಯೇ "ಹೌದ್ರಿ" ಬರುತ್ತದೆ. ಮೂರನೆಯ ಪ್ರಶ್ನೆಗೆ ಪ್ರತಿ ಅಡ್ಡಿಗೂ ಮೂರು ತೊಗರಿ ಕಾಳು, ಒಂದು ಬಟ್ಟಲು ಇಡಿ: ತಡೆಯೇ ಇಲ್ಲದಿದ್ದರೆ ಖಾಲಿ, ಪೂರಾ ತಡೆದರೆ ಮೂರೂ ಕಾಳು. ಮೊದಲು ರೂಢಿಗಾಗಿ, "ಜೋರು ಮಳಿ ಬಂದ್ರ ಹೊಲಕ್ಕ ಹೋಗೂದು ಎಷ್ಟು ತಡೀತದ?" ಎಂದು ಕೇಳಿ. ಇದಕ್ಕೇ ತೊಡಕಾದರೆ ಕಿವಿ ಕೇಳಿಸುತ್ತಿದೆಯೇ ನೋಡಿ.

ಔರಾದ, ಭಾಲ್ಕಿ ಕಡೆ ಮರಾಠಿ, ಗುರುಮಠಕಲ್ ಕಡೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಶಹರದಲ್ಲಿ ದಖನಿ ಉರ್ದು ಬೇಕಾಗಬಹುದು. ಅನುವಾದವನ್ನು ಮೂಲ ನೋಡದವರಿಂದ ಕನ್ನಡಕ್ಕೆ ಮರಳಿ ತಿರುಗಿಸಿ ಹೋಲಿಸಿ. ವಯಸ್ಸಿಗೆ ಕಾಗದವಿಲ್ಲದಿದ್ದರೆ 1972ರ ಬರಗಾಲದಲ್ಲಿ ಮದುವೆಯಾಗಿತ್ತೇ, ಮಕ್ಕಳಿದ್ದರೇ ಎಂದು ಕೇಳಿ ಅಂದಾಜಿಸಿ; ತೀರ ಹಿರಿಯರಿಗೆ 1948ರ ರಜಾಕಾರರ (ನಿಜಾಮನ ಪರ ಪಡೆಯ) ಗದ್ದಲ ನೆನಪಿದೆಯೇ ಎಂದು ಕೇಳಿ.

ಹೆಚ್ಚು ಕೆಡುವುದು ಬಾಗಿಲಲ್ಲಿ ನಿಂತ ಸೊಸೆಯಿಂದ, ಮಗನಿಂದ. ಅವರು ಉತ್ತರಿಸಿದರೆ ಆ ಹಾಳೆ ಲೆಕ್ಕಕ್ಕಿಲ್ಲ. ಇಬ್ಬರು ಹೋಗಿ, ಒಬ್ಬರು ಮನೆಯವರನ್ನು ಮಾತಿಗೆಳೆದು ಚಹಾದ ಕಡೆ ಕರೆದೊಯ್ಯಲಿ.

ಕಾಳಿನ ಅಂಕಗಳನ್ನು ಸುಮ್ಮನೆ ಕೂಡಿಸಿ ಬಿಡಬೇಡಿ. ಕೂಡಿಸಿದರೆ ಹೆಚ್ಚು ಆಸೆ ಇದ್ದವರಿಗೇ ಹೆಚ್ಚು ಅಡ್ಡಿ ಎಂದು ಬರುತ್ತದೆ. 'ಬೇಕು' ಎಂದ ಕ್ಷೇತ್ರಗಳಿಂದ ಮಾತ್ರ ಭಾಗಿಸಿ: 'ಬೇಕು' ಎಂದದ್ದು ಎರಡೇ ಆಗಿ, ಭಜನೆಗೆ ಮೈ 3, ಕೌದಿ ಹೊಲಿಗೆಗೆ ಮೈ 1 ಇದ್ದರೆ ಮೈಯ ಅಡ್ಡಿ 2. ಆರೂ ಅಡ್ಡಿಗಳ ಸರಾಸರಿಯನ್ನು ಬೇರೆಬೇರೆಯಾಗಿಯೇ ಬರೆಯಿರಿ. ಕ್ರಾನ್‌ಬಾಕ್ ಆಲ್ಫಾ (ಪ್ರಶ್ನೆಗಳ ಉತ್ತರ ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ತೋರುವ ಸಂಖ್ಯೆ) 0.70 ದಾಟಲಿಲ್ಲವೆಂದು ಪ್ರಶ್ನೆ ಕಿತ್ತುಹಾಕುವವರಿದ್ದಾರೆ. ಮೊಣಕಾಲು ನೋವಿಗೂ ಬಸ್ಸಿಲ್ಲದಿರುವುದಕ್ಕೂ ಪರಸ್ಪರ ಸಂಬಂಧ ಇರಲೇಬೇಕೆಂದಿಲ್ಲ, ಹಾಗಾಗಿ ಆ ಪರೀಕ್ಷೆ ಇಲ್ಲಿಗೆ ಹೊಂದುವುದಿಲ್ಲ. ಅದರ ಬದಲು ಎರಡು ವಾರ ಬಿಟ್ಟು ಕೆಲವರನ್ನು ಮತ್ತೆ ಕೇಳಿ, ಕಾಳಿನ ಲೆಕ್ಕ ಹೋಲಿಸಿ. ತೊಗರಿ ರಾಶಿಯ ದಿನಗಳಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಕೇಳಿದರೆ ಬದಲಾದದ್ದು ಹಂಗಾಮೋ ಮನಸ್ಸೋ ತಿಳಿಯುವುದಿಲ್ಲ.

'ಮನಸ್ಸು' ಒಂದೇ ಮೂರಕ್ಕೆ ಏರಿ ಉಳಿದವು ಸೊನ್ನೆಯ ಹತ್ತಿರವಿದ್ದರೆ ಖಿನ್ನತೆಯಿರಬಹುದು. ಹಿರಿಯರ ಖಿನ್ನತೆಯ 15 ಪ್ರಶ್ನೆಗಳ ಮಾಪಕವನ್ನು ಬೇರೆಯಾಗಿ ಹಾಕಿ. 5 ದಾಟಿದರೆ ವೈದ್ಯರ ಬಳಿ ಕಳಿಸಿ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಬರೆದುಕೊಡಿ, ಅಡ್ಡಿಯ ಅಳತೆಯನ್ನು ಚಿಕಿತ್ಸೆಯ ನಂತರಕ್ಕೆ ಇಟ್ಟುಕೊಳ್ಳಿ.