ಗ್ರಾಹಕರ ಕೇಸ್ ಸ್ಟಡಿಯಿಂದ ಬ್ಯಾಕ್‌ಲಿಂಕ್ ಸಿಕ್ಕಿದ್ದು ಹೀಗೆ

ಪೀಣ್ಯದಲ್ಲಿ ನಮ್ಮದು ರಟ್ಟಿನ ಪೆಟ್ಟಿಗೆ ಮಾಡುವ ಘಟಕ. ವೆಬ್‌ಸೈಟ್‌ನಲ್ಲಿ ಕೇಸ್ ಸ್ಟಡಿಗಳು (ಗ್ರಾಹಕರ ಸಮಸ್ಯೆ ಹೇಗೆ ಬಗೆಹರಿಸಿದೆವೆಂಬ ಬರಹಗಳು) ಇದ್ದರೂ ಬ್ಯಾಕ್‌ಲಿಂಕ್, ಅಂದರೆ ಬೇರೆ ಸೈಟ್‌ಗಳಿಂದ ನಮ್ಮ ಪುಟಕ್ಕೆ ಬರುವ ಲಿಂಕ್, ಸಿಗುತ್ತಿರಲಿಲ್ಲ. ಅಂಥ ಲಿಂಕ್‌ಗಳನ್ನು ತೋರಿಸುವ ಗೂಗಲ್‌ನ ಸಾಧನ ಸರ್ಚ್ ಕನ್ಸೋಲ್‌ನ ‘ಲಿಂಕ್ಸ್’ ವರದಿಯಲ್ಲಿ ಡೈರೆಕ್ಟರಿ ಸೈಟ್‌ಗಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಪಿಡಿಎಫ್ ಹಂಚಿದ್ದು, ಲಿಂಕ್ಡ್‌ಇನ್‌ನಲ್ಲಿ ಹಾಕಿದ್ದು, ಪರಿಚಯವಿಲ್ಲದ ಸೈಟ್‌ಗಳಿಗೆ ಮೇಲ್ ಕಳಿಸಿದ್ದು, ಯಾವುದೂ ಫಲ ಕೊಡಲಿಲ್ಲ. ದುಡ್ಡು ಕೊಟ್ಟು ಲಿಂಕ್ ಹಾಕಿಸುವ ದಾರಿ ಬೇಡವೇ ಬೇಡ. ರ‍್ಯಾಂಕಿಂಗ್‌ಗಾಗಿ ಲಿಂಕ್ ಕೊಳ್ಳುವುದು ಗೂಗಲ್‌ನ ಸ್ಪ್ಯಾಮ್ ನೀತಿಗೆ ವಿರುದ್ಧ.

ಫಲ ಕೊಟ್ಟಿದ್ದು, ಕೇಸ್ ಸ್ಟಡಿಯನ್ನು ಗ್ರಾಹಕರ ಕಥೆಯಾಗಿ ಬರೆದದ್ದು. ಚಿಕ್ಕಮಗಳೂರಿನ ಕಾಫಿಪುಡಿ ವ್ಯಾಪಾರಿಯೊಬ್ಬರ ಪೆಟ್ಟಿಗೆಗಳ ಮೂಲೆ ಲಾರಿಯಲ್ಲಿ ಜಜ್ಜಿಹೋಗುತ್ತಿತ್ತು. 3 ಪ್ಲೈ (ಮೂರು ಪದರದ ರಟ್ಟು) ಬಿಟ್ಟು 5 ಪ್ಲೈ ಹಾಕಿದ ಮೇಲೆ ನಿಂತಿತು. ಜಜ್ಜಿದ ಮೂಲೆಯ ಫೋಟೋ ಪಕ್ಕದಲ್ಲೇ ಹೊಸ ರಟ್ಟಿನ ಐದು ಪದರ ಕಾಣುವ ಫೋಟೋ ಹಾಕಿದೆವು.

ಕ್ರಮ ತಪ್ಪಿಸಬೇಡಿ. ಮೊದಲು ಗ್ರಾಹಕರಿಗೆ ಕರಡು ಕಳಿಸಿ ಲಿಖಿತ ಒಪ್ಪಿಗೆ ಪಡೆಯಿರಿ. ಪುಟ ಪ್ರಕಟವಾದ ದಿನವೇ, ಅವರ ಸೈಟ್ ನೋಡಿಕೊಳ್ಳುವವರಿಗೆ (ಮಾಲೀಕರಿಗಲ್ಲ) ಅವರ ಸೈಟ್‌ನಲ್ಲಿ ಹಾಕಿಕೊಳ್ಳಲು ಲಿಂಕ್ ಸೇರಿಸಿದ ಎರಡು ಸಾಲು ಸಿದ್ಧಮಾಡಿ ಕಳಿಸಿ. ಲಿಂಕ್ ಹೋಮ್ ಪೇಜಿಗಲ್ಲ, ಆ ಕೇಸ್ ಸ್ಟಡಿ ಪುಟಕ್ಕೇ ಇರಲಿ. ಲಿಂಕ್ ಪಠ್ಯದಲ್ಲಿ ಕಂಪನಿ ಹೆಸರು ಸಾಕು, ಕೀವರ್ಡ್ ತುರುಕಬೇಡಿ. ನಮಗೆ ಕಾಗದ ಪೂರೈಸುವವರಿಗೂ ಇದನ್ನೇ ಕಳಿಸಿದೆವು. ಅವರೂ ತಮ್ಮ ಗ್ರಾಹಕರ ಪುಟದಲ್ಲಿ ಹಾಕಿಕೊಂಡರು.

ಕೊನೆಗೆ ಲಿಂಕ್ ಹಾಕಿದವರ ಪುಟದ ಸೋರ್ಸ್ (ಪುಟದ ಹಿಂದಿನ ಕೋಡ್) ತೆರೆದು ‘ನೋಇಂಡೆಕ್ಸ್’ (ಪುಟವನ್ನು ಹುಡುಕಾಟದಲ್ಲಿ ತೋರಿಸಬೇಡ ಎಂಬ ಸೂಚನೆ), ‘ನೋಫಾಲೋ’ (ಲಿಂಕ್ ಅನುಸರಿಸಬೇಡ ಎಂಬ ಸೂಚನೆ) ಇಲ್ಲವೆಂದು ನೋಡಿಕೊಳ್ಳಿ. ಸರ್ಚ್ ಕನ್ಸೋಲ್ ವರದಿಯಲ್ಲಿ ಕಾಣಿಸಲು ಸಮಯ ಹಿಡಿಯುತ್ತದೆ.