ಕುಡಿತಕ್ಕೊಂದು ಚೀಟಿ, ಮನಸ್ಸಿಗೊಂದು ಚೀಟಿ ಬೇಡ

‘ಮೊದಲು ಕುಡಿಯೋದು ಬಿಡ್ಲಿ, ಮನಸ್ಸಿಂದು ಆಮೇಲೆ ನೋಡೋಣ.’ ಕುಡಿತದ ಜೊತೆಗೆ ಖಿನ್ನತೆ, ವಿಪರೀತ ಭಯ ಅಥವಾ ಕಿವಿಯಲ್ಲಿ ಮಾತು ಕೇಳಿಸುವ ಕಾಯಿಲೆ ಇರುವವರ ಮನೆಗಳಲ್ಲಿ ಹಿರಿಯರು ಹೇಳುವ ಮಾತಿದು. ಕೆಲವು ಕಡೆ ಆಸ್ಪತ್ರೆಯವರೂ ಇದನ್ನೇ ಹೇಳಿ ಕಳಿಸುತ್ತಾರೆ. ಈ ಲೆಕ್ಕ ಕೂಡುವುದಿಲ್ಲ. ಖಿನ್ನತೆಯನ್ನು ಹಾಗೇ ಬಿಟ್ಟರೆ, ನಿದ್ದೆ ಬಾರದ ಮೂರನೆಯ ವಾರದಲ್ಲಿ ಕೈ ಮತ್ತೆ ಕ್ವಾರ್ಟರ್ ಹುಡುಕುತ್ತದೆ. ಕುಡಿತವನ್ನು ಹಾಗೇ ಬಿಟ್ಟು ಖಿನ್ನತೆಗೆ ಮಾತ್ರೆ ನುಂಗಿಸಿದರೆ ಮಾತ್ರೆ ಸರಿಯಾಗಿ ಹಿಡಿಯುವುದಿಲ್ಲ. ಎರಡನ್ನೂ ಒಬ್ಬರೇ ಮನೋವೈದ್ಯರು, ಒಂದೇ ಕಡತದಲ್ಲಿ, ಒಟ್ಟಿಗೇ ನೋಡಬೇಕು. ಅದರಲ್ಲಿ ಮನೆಯವರು ಮಾಡಬೇಕಾದ ಕೆಲಸ ಬಹಳವಿದೆ.

ಆಸ್ಪತ್ರೆಗೆ ಹೋಗುವ ಮುನ್ನ ಒಂದು ನೋಟ್‌ಬುಕ್

ಇನ್ನೂರು ಪುಟದ ಸಾದಾ ನೋಟ್‌ಬುಕ್ ತನ್ನಿ. ಮೊಬೈಲಿನಲ್ಲಿ ಬರೆದಿಡುತ್ತೇವೆ ಅನ್ನಬೇಡಿ. ಆ ಮೊಬೈಲು ಮನೆಯ ಒಬ್ಬರ ಜೇಬಿನಲ್ಲಿರುತ್ತದೆ, ಆಸ್ಪತ್ರೆಗೆ ಹೋದವರು ಇನ್ನೊಬ್ಬರಾಗಿರುತ್ತಾರೆ.

ಮೊದಲ ಪುಟದಲ್ಲಿ ಪ್ರಮಾಣ ಬರೆಯಿರಿ. ‘ಸ್ವಲ್ಪ ತಗೋತಾರೆ’ ಎಂಬ ಮಾತಿನಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ. 90 ಎಂ.ಎಲ್. ಪ್ಯಾಕೆಟ್ ಎಷ್ಟು, 180ರ ಕ್ವಾರ್ಟರ್ ಎಷ್ಟು, ದಿನದ ಮೊದಲ ಗುಟುಕು ಎಷ್ಟು ಗಂಟೆಗೆ ಎಂದು ಬರೆಯಿರಿ. ವಿಸ್ಕಿ, ರಮ್, ಬ್ರಾಂದಿಯ 30 ಎಂ.ಎಲ್.ನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ, ಅಂದರೆ ಒಂದು ಕ್ವಾರ್ಟರಿಗೆ 60 ಗ್ರಾಂ. 650 ಎಂ.ಎಲ್. ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ ಸುಮಾರು 40 ಗ್ರಾಂ. ‘ಬಿಯರ್ ಅಷ್ಟೇ’ ಎನ್ನುವವರು ಈ ಲೆಕ್ಕ ನೋಡಲಿ. ಬೀಡಿ, ಗುಟ್ಕಾ, ಗಾಂಜಾ, ಅಂಗಡಿಯಿಂದ ತಂದ ನಿದ್ದೆ ಮಾತ್ರೆ, ನೋವಿನ ಮಾತ್ರೆ ಯಾವುದನ್ನೂ ಬಿಡಬೇಡಿ.

ಎರಡನೆಯ ಪುಟದಲ್ಲಿ ಕುಡಿಯದೇ ಇದ್ದ ದಿನಗಳ ಇತಿಹಾಸ ಬರಲಿ. ನಮ್ಮಲ್ಲಿ ಅದನ್ನು ನೆನಪಿಸಿಕೊಳ್ಳುವುದು ಸುಲಭ. ಅಯ್ಯಪ್ಪ ಮಾಲೆಯ 41 ದಿನ, ಶ್ರಾವಣ ಮಾಸ, ಜಾಂಡೀಸ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದ ತಿಂಗಳು. ಆ ದಿನಗಳಲ್ಲಿ ಮನಸ್ಸು ಹೇಗಿತ್ತು? ಮಾಲೆ ಹಾಕಿ ಮೂರ್ನಾಲ್ಕು ವಾರವಾದ ಮೇಲೂ ಮಂಕಾಗಿ ಕೂರುತ್ತಿದ್ದರೇ, ಅನುಮಾನ ಪಡುತ್ತಿದ್ದರೇ, ಅಥವಾ ಮೊದಲಿನ ಮನುಷ್ಯನೇ ಆಗಿದ್ದರೇ? ಖಿನ್ನತೆಯನ್ನು ಕುಡಿತ ತಂದದ್ದೋ, ಕುಡಿತಕ್ಕಿಂತ ಮೊದಲೇ ಇದ್ದದ್ದೋ ಎಂದು ಬಿಡಿಸಿ ನೋಡಲು ವೈದ್ಯರಿಗೆ ಇದಕ್ಕಿಂತ ಒಳ್ಳೆಯ ಸುಳಿವು ಸಿಗುವುದು ಕಷ್ಟ. ಮಾಲೆ ಹಾಕಿದ ಮರುದಿನವೇ ಕೈನಡುಕವೋ ಫಿಟ್ಸೋ ಬಂದಿತ್ತೇ ಎಂಬುದನ್ನೂ ಬರೆಯಿರಿ. ಈ ಸಲ ಎಲ್ಲಿ, ಹೇಗೆ ಕುಡಿತ ಬಿಡಿಸಬೇಕೆಂಬುದು ಅದರ ಮೇಲೆ ನಿಂತಿದೆ.

ಮೂರ್ನಾಲ್ಕು ಗಂಟೆಯಷ್ಟೇ ಮಲಗಿದರೂ ಸುಸ್ತಿಲ್ಲದೆ, ಮಾತು ನಿಲ್ಲದೆ, ದುಡ್ಡು ಚೆಲ್ಲುತ್ತಾ ಓಡಾಡಿದ ವಾರಗಳೇನಾದರೂ ಇದ್ದರೆ ದಪ್ಪಕ್ಷರದಲ್ಲಿ ಬರೆಯಿರಿ. ಅದು ಬೈಪೋಲಾರ್ ಕಾಯಿಲೆಯ, ಅಂದರೆ ಮನಸ್ಸು ಕೆಲಕಾಲ ಉನ್ಮಾದಕ್ಕೇರಿ ಕೆಲಕಾಲ ಖಿನ್ನತೆಗೆ ಇಳಿಯುವ ಕಾಯಿಲೆಯ, ಗುರುತಿರಬಹುದು. ಇದು ಗೊತ್ತಿಲ್ಲದೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಉನ್ಮಾದ ಕೆರಳಬಹುದು.

ಎಲ್ಲಿಗೆ ಹೋಗಬೇಕು

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ನಿಮ್ಮ ಊರಿಗೆ ಯಾವ ವಾರ ಬರುತ್ತಾರೆಂದು ಕೇಳಿಕೊಂಡೇ ಹೊರಡಿ. ದಾರಿ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಖಾಸಗಿ ಡಿ-ಅಡಿಕ್ಷನ್ ಸೆಂಟರ್‌ಗೆ ಸೇರಿಸುವುದಾದರೆ ಮುಂಗಡ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ. ಮನೋವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ? ಈಗ ನಡೆಯುತ್ತಿರುವ ಮನಸ್ಸಿನ ಮಾತ್ರೆಗಳನ್ನು ಮುಂದುವರಿಸುತ್ತೀರಾ? ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿದೆಯೇ? ‘ಇಲ್ಲಿ ಮಾತ್ರೆಗೀತ್ರೆ ಇಲ್ಲ, ಮನಸ್ಸು ಗಟ್ಟಿ ಮಾಡ್ತೀವಿ’ ಎಂದರೆ ಅಲ್ಲಿಂದ ಎದ್ದು ಬನ್ನಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಯಿಂದಾಗುವ ಮಾನಸಿಕ ತೊಂದರೆಗಳನ್ನೂ ಮಾನಸಿಕ ಕಾಯಿಲೆಯೆಂದೇ ಪರಿಗಣಿಸುತ್ತದೆ. ಸರಪಳಿಯಲ್ಲಿ ಕಟ್ಟಿಹಾಕುವುದು ಆ ಕಾಯ್ದೆಯಡಿ ನಿಷಿದ್ಧ.

ಕುಡಿತ ನಿಲ್ಲಿಸುವ ಮೊದಲ ವಾರ

ದಿನವೂ ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಏಕಾಏಕಿ ಬಿಡಿಸಲು ಹೋಗಬೇಡಿ. ಕೊನೆಯ ಗುಟುಕಿನ ನಂತರ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು, ವಾಂತಿ ಶುರುವಾಗುತ್ತದೆ. ಫಿಟ್ಸ್ ಬರುವುದಿದ್ದರೆ ಸಾಮಾನ್ಯವಾಗಿ 48 ಗಂಟೆಯೊಳಗೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಹಗಲು ರಾತ್ರಿಯ ಅರಿವು ತಪ್ಪಿ, ಗೋಡೆಯ ಮೇಲೆ ಹುಳ ಕಾಣಿಸಿ, ಮೈ ಸುಡುತ್ತದೆ. ಇದಕ್ಕೆ ಚಿಕಿತ್ಸೆ ಸಿಗದಿದ್ದರೆ ಸಾವು ಬರಬಹುದು. ದೆವ್ವ ಹಿಡಿದಿದೆಯೆಂದು ಅಂತ್ರ ಕಟ್ಟಿಸುತ್ತಾ ಕೂರದೆ 108ಕ್ಕೆ ಫೋನ್ ಮಾಡಿ.

ಈ ವಾರದಲ್ಲಿ ವೈದ್ಯರು ನಡುಕ, ಫಿಟ್ಸ್ ತಡೆಯಲು ಕ್ಲೋರ್‌ಡಯಾಜೆಪಾಕ್ಸೈಡ್‌ನಂಥ ಮಾತ್ರೆ ಕೊಟ್ಟು, ದಿನದಿನಕ್ಕೆ ಇಳಿಸುತ್ತಾ ನಿಲ್ಲಿಸುತ್ತಾರೆ. ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್ ಆಯ್ಕೆ ಮಾಡುತ್ತಾರೆ. ಎಡವಟ್ಟಾಗುವುದು ಆಮೇಲೆ. ‘ಆ ಮಾತ್ರೆಯಲ್ಲಿ ಚೆನ್ನಾಗಿ ನಿದ್ದೆ ಬಂತು’ ಎಂದು ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ಕೊಂಡು ನುಂಗುತ್ತಾರೆ, ಎರಡನೆಯ ಚಟ ಅಂಟಿಕೊಳ್ಳುತ್ತದೆ. ಕೋರ್ಸ್ ಮುಗಿದ ದಿನ ಆ ಚೀಟಿಯ ಮೇಲೆ ಅಡ್ಡಗೆರೆ ಎಳೆದು ನೋಟ್‌ಬುಕ್ಕಿಗೆ ಅಂಟಿಸಿ.

ಇನ್ನೊಂದು ತಪ್ಪು ಡ್ರಿಪ್ಪಿನದು. ಊಟ ಬಿಟ್ಟು ಕುಡಿದವರ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲುಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬಿದ್ದು, ನಡಿಗೆ ತಪ್ಪಿ, ಕಣ್ಣಿನ ಚಲನೆ ಕೆಟ್ಟು, ನೆನಪು ಶಾಶ್ವತವಾಗಿ ಹೋಗಬಹುದು. ಹತ್ತಿರದ ಕ್ಲಿನಿಕ್‌ನಲ್ಲಿ ‘ಒಂದು ಗ್ಲುಕೋಸ್ ಹಾಕಿಸಿಬಿಡಿ’ ಎನ್ನುವ ಬದಲು, ‘ಇವರು ದಿನಾ ಕುಡಿಯುವವರು, ಥಯಾಮಿನ್ ಇಂಜೆಕ್ಷನ್ ಮೊದಲು ಕೊಡಿ’ ಎಂದು ಬಾಯಿಬಿಟ್ಟು ಹೇಳಿ.

ನಾಲ್ಕು ವಾರ ಕಾಯುವುದು, ಕಾಯಬಾರದ್ದು

ಕುಡಿತದಿಂದಲೇ ಬಂದ ಖಿನ್ನತೆ ಬಹುಪಾಲು ಎರಡರಿಂದ ನಾಲ್ಕು ವಾರದಲ್ಲಿ ಕರಗುತ್ತದೆ. ಅದಕ್ಕೇ ವೈದ್ಯರು ಕೆಲವೊಮ್ಮೆ ಹೊಸ ಮಾತ್ರೆ ಬರೆಯದೆ ಕಾಯುತ್ತಾರೆ. ಬೆಳಗ್ಗೆ ಎದೆ ಡವಡವ ಅಂದು ಒಂದು ಪ್ಯಾಕೆಟ್ ಕುಡಿದ ಕೂಡಲೇ ಶಾಂತವಾಗುತ್ತಿತ್ತು ಎಂದರೆ, ಅದು ಭಯದ ಕಾಯಿಲೆಗಿಂತ ಅಮಲು ಇಳಿಯುವಾಗಿನ ತಳಮಳ ಇರುವ ಸಾಧ್ಯತೆ ಹೆಚ್ಚು. ಈ ನಾಲ್ಕು ವಾರ ದಿನಕ್ಕೆ ಮೂರು ವಿಷಯ ಬರೆಯಿರಿ: ಎಷ್ಟು ಗಂಟೆ ನಿದ್ದೆ, ಊಟ ಎಷ್ಟು, ಹತ್ತರಲ್ಲಿ ಮನಸ್ಸಿಗೆ ಎಷ್ಟು ಅಂಕ. ಅಂಕವನ್ನು ಅವರೇ ಕೊಡಬೇಕು, ನೀವು ಊಹಿಸಬಾರದು.

ಆದರೆ ಸಾಯುವ ಮಾತು ಬಂದರೆ, ಕಿವಿಯಲ್ಲಿ ಆಜ್ಞೆ ಕೇಳಿಸಿದರೆ, ಉನ್ಮಾದ ಕಂಡರೆ ಅಥವಾ ಮೊದಲೇ ಮಾನಸಿಕ ಕಾಯಿಲೆ ಇದೆಯೆಂದು ಗೊತ್ತಿದ್ದರೆ ಕಾಯುವ ಪ್ರಶ್ನೆಯೇ ಇಲ್ಲ, ಮೊದಲ ದಿನದಿಂದಲೇ ಚಿಕಿತ್ಸೆ ನಡೆಯಬೇಕು. ಸಾಯಬೇಕು ಅನ್ನಿಸುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೊಲಕ್ಕೆ ತಂದ ಔಷಧಿಯನ್ನು ಮನೆಯಲ್ಲಿಡದೆ ಬೇರೆಯವರ ಬಳಿ ಬೀಗದೊಳಗೆ ಇರಿಸಿ, ಮಾತ್ರೆಗಳನ್ನು ಒಂದು ವಾರಕ್ಕಾಗುವಷ್ಟೇ ಮನೆಯಲ್ಲಿಡಿ.

ಎಲ್ಲರೂ ಎಡವುವ ಜಾಗ: ಕುಡಿದ ದಿನದ ಮಾತ್ರೆ

ಎರಡು ತಿಂಗಳು ಚೆನ್ನಾಗಿದ್ದವರು ಮದುವೆಮನೆಯಲ್ಲಿ ಕುಡಿದು ಬರುತ್ತಾರೆ. ‘ಕುಡಿದ ಮೇಲೆ ಮಾತ್ರೆ ಕೊಟ್ಟರೆ ವಿಷ ಆಗತ್ತೆ’ ಎಂದು ಹೆದರಿ ಮನೆಯವರು ಎಲ್ಲವನ್ನೂ ನಿಲ್ಲಿಸುತ್ತಾರೆ. ಮರುದಿನ ನಾಚಿಕೆಯಿಂದ ಅವರೂ ನುಂಗುವುದಿಲ್ಲ. ನಾಲ್ಕು ದಿನಕ್ಕೆ ನಿದ್ದೆ ಹೋಗುತ್ತದೆ, ಹತ್ತು ದಿನಕ್ಕೆ ಅನುಮಾನವೋ ಅಳುವೋ ಮರಳುತ್ತದೆ, ಅದನ್ನು ತಡೆಯಲಾರದೆ ಮತ್ತೆ ಕುಡಿಯುತ್ತಾರೆ. ಮದುವೆಮನೆಯ ಒಂದು ರಾತ್ರಿಯ ಕುಡಿತಕ್ಕಿಂತ ಆಮೇಲೆ ನಿಂತುಹೋದ ಮಾತ್ರೆಗಳೇ ಇಲ್ಲಿ ಹೆಚ್ಚು ಹಾಳುಮಾಡಿರುತ್ತವೆ.

ಇದಕ್ಕೆ ಪರಿಹಾರ ಮೊದಲೇ ಸಿದ್ಧವಿರಬೇಕು. ಡಿಸ್ಚಾರ್ಜ್ ದಿನ ವೈದ್ಯರ ಮುಂದೆ ನೋಟ್‌ಬುಕ್ ತೆರೆದು, ಪುಟದ ನಡುವೆ ಗೆರೆ ಎಳೆದು ಕೇಳಿ: ‘ಅಕಸ್ಮಾತ್ ಕುಡಿದರೆ ಇದರಲ್ಲಿ ಯಾವುದನ್ನು ಕೊಡಬೇಕು, ಯಾವುದನ್ನು ಕೊಡಬಾರದು?’ ರೋಗಿಯ ಎದುರಿಗೇ ಕೇಳಿ. ಮುಂದೆ ಕುಡಿಯಲು ಪರ್ಮಿಷನ್ ಕೊಟ್ಟಂತೆ ಆಗುತ್ತದೆ ಎಂಬ ಅಳುಕು ಬೇಡ.

ಸಾಮಾನ್ಯವಾಗಿ ಪಟ್ಟಿ ಹೀಗೆ ಬರುತ್ತದೆ. ಸರ್ಟ್ರಲಿನ್, ಎಸ್ಸಿಟಲೋಪ್ರಾಮ್‌ನಂಥ ಖಿನ್ನತೆಯ ಮಾತ್ರೆ, ಭ್ರಮೆ ತಡೆಯುವ ಮಾತ್ರೆ, ಕುಡಿಯುವ ತುಡಿತ ಇಳಿಸುವ ಅಕಾಂಪ್ರೊಸೇಟ್ ಮತ್ತು ನಾಲ್ಟ್ರೆಕ್ಸೋನ್ ಎಡಗಡೆ, ಅಂದರೆ ಮುಂದುವರಿಸಬೇಕಾದವು. ನಿದ್ದೆಯ ಮಾತ್ರೆಗಳು, ಅಂದರೆ ಆಲ್ಪ್ರಜೋಲಾಮ್, ಕ್ಲೊನಾಜೆಪಾಮ್, ಲೊರಾಜೆಪಾಮ್ ಬಲಗಡೆ, ಅಂದರೆ ಕೊಡಬಾರದವು. ಅಮಲಿನ ಜೊತೆ ಇವು ಸೇರಿದರೆ ಉಸಿರು ಕುಗ್ಗುತ್ತದೆ. ಕುಡಿದರೆ ಮೈಗೆ ಒಗ್ಗದಂತೆ ಮಾಡುವ ಡೈಸಲ್ಫಿರಾಮ್ ಕೂಡ ಬಲಗಡೆಗೇ. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಇದ್ದರೆ ಪ್ರತ್ಯೇಕವಾಗಿ ಕೇಳಿ: ವಾಂತಿ ಭೇದಿಯಾಗಿ ನೀರಿನಂಶ ಇಳಿದರೆ ಅದು ರಕ್ತದಲ್ಲಿ ಏರಿ ವಿಷವಾಗುತ್ತದೆ. ಮೈಕೈ ನೋವಿಗೆಂದು ಅಂಗಡಿಯಿಂದ ತರುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೂಡ ಲಿಥಿಯಂ ಮಟ್ಟ ಏರಿಸುತ್ತವೆ. ಲಿಥಿಯಂ ರಕ್ತಪರೀಕ್ಷೆಗೆ ಕೊನೆಯ ಡೋಸ್ ಆಗಿ 12 ಗಂಟೆಗೆ ರಕ್ತ ಕೊಡಬೇಕು. ಬೆಳಗಿನ ಮಾತ್ರೆ ನುಂಗಿ ಲ್ಯಾಬಿಗೆ ಹೋದರೆ ಲೆಕ್ಕ ತಪ್ಪುತ್ತದೆ.

ನಿಮ್ಮವರ ಪಟ್ಟಿ ಬೇರೆ ಇರಬಹುದು. ವೈದ್ಯರು ಬರೆದದ್ದೇ ಅಂತಿಮ. ತೀರಾ ಅಮಲೇರಿ ಮಲಗಿದವರನ್ನು ಎಬ್ಬಿಸಿ ಯಾವ ಮಾತ್ರೆಯನ್ನೂ ಬಾಯಿಗೆ ಹಾಕಬೇಡಿ. ಮಗ್ಗುಲಿಗೆ ಮಲಗಿಸಿ, ಉಸಿರಾಟ ನೋಡುತ್ತಿರಿ. ಉಸಿರು ನಿಧಾನವಾದರೆ ಅಥವಾ ಎಬ್ಬಿಸಿದರೂ ಏಳದಿದ್ದರೆ 108. ಎಡಗಡೆಯ ಮಾತ್ರೆಗಳು ಬೆಳಗ್ಗೆ ಎಚ್ಚರವಾದ ಮೇಲೆ ಶುರುವಾಗಲಿ.

ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ಎರಡರಿಂದ ಆರು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸುವುದು, ಚಡಪಡಿಕೆ ಸಹಜ. ‘ಈ ಮಾತ್ರೆ ಹೀಟು’ ಎಂದು ನಿಲ್ಲಿಸುವುದು ಇಲ್ಲೇ. ಊಟವಾದ ಮೇಲೆ ಕೊಡಿ, ತಡೆಯಲಾಗದಿದ್ದರೆ ಫೋನ್ ಮಾಡಿ ಕೇಳಿ, ಸ್ವಂತವಾಗಿ ನಿಲ್ಲಿಸಬೇಡಿ. ಭ್ರಮೆಗೆ ಒಲಾಂಜಪಿನ್ ಅಥವಾ ಕ್ಲೊಜಪಿನ್ ತೆಗೆದುಕೊಳ್ಳುವವರು ಬೀಡಿ ಸಿಗರೇಟನ್ನೂ ಬಿಡುವುದಾದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಹೊಗೆ ನಿಂತ ಮೇಲೆ ಅದೇ ಮಾತ್ರೆ ರಕ್ತದಲ್ಲಿ ಏರುತ್ತದೆ, ಡೋಸ್ ಇಳಿಸಬೇಕಾಗಬಹುದು.

ಅನ್ನಕ್ಕೆ ಕಲೆಸುವ ಪುಡಿ ಕೊಳ್ಳಬೇಡಿ

‘ಅವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ’ ಎಂಬ ಪುಡಿ, ಹನಿಗಳ ಜಾಹೀರಾತು ಬಸ್‌ಸ್ಟ್ಯಾಂಡ್ ಗೋಡೆಯಿಂದ ಮೊಬೈಲಿನವರೆಗೆ ಎಲ್ಲೆಲ್ಲೂ ಇದೆ. ಒಳಗೇನಿದೆಯೆಂದು ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್ ಅನ್ನು ಸಾರಿನಲ್ಲಿ ಕಲೆಸುವುದೂ ಅಷ್ಟೇ ಅಪಾಯ. ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ಬಿ.ಪಿ. ಕುಸಿಯುತ್ತದೆ, ಹೃದಯದ ತೊಂದರೆ ಇದ್ದವರ ಜೀವವೇ ಹೋಗಬಹುದು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಅಪಾಯ ಉಳಿದಿರುತ್ತದೆ. ಭ್ರಮೆಯ ಕಾಯಿಲೆಯನ್ನು ಅದು ಕೆರಳಿಸಲೂಬಹುದು. ‘ಊಟದಲ್ಲಿ ಏನೋ ಹಾಕ್ತಿದಾರೆ’ ಎಂದು ಅನುಮಾನಪಡುವ ರೋಗಿಗೆ ನಿಜಕ್ಕೂ ಊಟದಲ್ಲಿ ಏನೋ ಹಾಕಿದರೆ, ಮತ್ತೆ ಅವರು ನಿಮ್ಮ ಕೈಯ ತುತ್ತು ನಂಬುವುದು ಹೇಗೆ? ತಿಳಿದು, ಒಪ್ಪಿ ಡೈಸಲ್ಫಿರಾಮ್ ನುಂಗುವವರೂ ದಶಮೂಲಾರಿಷ್ಟದಂಥ ಅರಿಷ್ಟ, ಆಸವ, ಕೆಲವು ಕೆಮ್ಮಿನ ಸಿರಪ್‌ಗಳಿಂದ ದೂರವಿರಬೇಕು. ಅವುಗಳಲ್ಲೂ ಆಲ್ಕೋಹಾಲ್ ಇರುತ್ತದೆ.

ಮಾತು, ಗುಂಪು, ಶಿಬಿರ

ಕೌನ್ಸೆಲಿಂಗ್ ತಪ್ಪಿಸಬೇಡಿ. ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ, ಕುಡಿತ ಬಿಡುವವರು ಒಬ್ಬರಿಗೊಬ್ಬರು ಆಸರೆಯಾಗುವ ಗುಂಪಿನ ಸಭೆಗಳು ಒಳ್ಳೆಯವು, ಆದರೆ ಅಲ್ಲಿ ಯಾರಾದರೂ ‘ಮನಸ್ಸಿನ ಮಾತ್ರೆಯೂ ಒಂದು ಚಟವೇ, ಬಿಟ್ಟುಬಿಡು’ ಎಂದರೆ ಕೇಳಬೇಡಿ. ವೈದ್ಯರು ಬರೆದ ಮಾತ್ರೆಯ ವಿಷಯದಲ್ಲಿ ಸದಸ್ಯರು ವೈದ್ಯರಂತೆ ಸಲಹೆ ಕೊಡಬಾರದೆಂದು ಎಎ ಸಂಸ್ಥೆಯೇ ಹೇಳುತ್ತದೆ. ಮದ್ಯವರ್ಜನ ಶಿಬಿರಕ್ಕೆ ಹೋಗುವವರು ಹಿಂದೆ ಫಿಟ್ಸ್ ಬಂದಿದ್ದರೆ ಮೊದಲು ಆಸ್ಪತ್ರೆಯಲ್ಲಿ ಆ ಮೊದಲ ವಾರ ಕಳೆದು, ಮಾತ್ರೆ ಡಬ್ಬಿ ಹಾಗೂ ನೋಟ್‌ಬುಕ್ ಸಮೇತ ಶಿಬಿರ ಸೇರಲಿ.

ಮತ್ತೆ ಕುಡಿದ ಮರುದಿನ

ಬೆಳಗ್ಗೆ ಬೈಗುಳ ಬೇಡ, ಪಂಚಾಯ್ತಿ ಕೂರಿಸುವುದೂ ಬೇಡ. ಪ್ರಮಾಣ ಬರೆಯಿರಿ, ಎಡಗಡೆಯ ಮಾತ್ರೆ ಕೊಡಿ, ಹಿಂದಿನ ಮೂರು ದಿನದ ನಿದ್ದೆ ಮತ್ತು ಅಂಕ ತಿರುವಿ ನೋಡಿ. ಅಂಕ 6ರಿಂದ 3ಕ್ಕೆ ಇಳಿದ ಮೇಲೆ ಕುಡಿದಿದ್ದರೆ ಮೊದಲು ಕೆಟ್ಟದ್ದು ಮನಸ್ಸು, ಆ ಕಡೆಯ ಮಾತ್ರೆ ಸಾಲುತ್ತಿಲ್ಲವೇನೋ ಎಂದು ವೈದ್ಯರು ನೋಡಬೇಕು. ಅಂಕ ಚೆನ್ನಾಗಿದ್ದು ಸಂಬಳದ ದಿನವೋ ಹಳೆಯ ಗೆಳೆಯನ ಜೊತೆಯೋ ಕುಡಿದಿದ್ದರೆ ತುಡಿತದ ಮೇಲೆ ಕೆಲಸ ಮಾಡಬೇಕು. ಮುಂದಿನ ತಾರೀಖಿನವರೆಗೆ ಕಾಯದೆ ಅದೇ ವಾರ ಹೋಗಿ ಆ ಪುಟ ತೋರಿಸಿ. ನಾಲ್ಟ್ರೆಕ್ಸೋನ್ ನಡೆಯುತ್ತಿದ್ದರೆ ಅದರ ಹೆಸರು ಬರೆದ ಚೀಟಿ ಯಾವಾಗಲೂ ಅವರ ಪರ್ಸಿನಲ್ಲಿರಲಿ. ಬಿದ್ದು ಮೂಳೆ ಮುರಿದು ಎಮರ್ಜೆನ್ಸಿಗೆ ಹೋದರೆ ಟ್ರಮಡಾಲ್, ಮಾರ್ಫಿನ್‌ನಂಥ ನೋವಿನ ಮದ್ದು ಅವರಿಗೆ ಸರಿಯಾಗಿ ನಾಟುವುದಿಲ್ಲ, ಅಲ್ಲಿನ ವೈದ್ಯರು ಬೇರೆ ಮದ್ದು ಆರಿಸಬೇಕಾಗುತ್ತದೆ.